ತುಂಬುಕಣವೂ ತೆರಪೂ: ಸುರ್ಕಿ ಗಾರೆಯಿಂದ ಸಿಲಿಕೋನ್ ಅವಾಹಕದವರೆಗೆ ಒಂದು ಚಾರಿತ್ರಿಕ ವಿವೇಚನೆ

೧

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಸಾಗುವ ರೈಲುಮಾರ್ಗವು ಮಾಕಳಿದುರ್ಗದ ಬೆಟ್ಟದ ಬುಡವನ್ನು ಬಳಸಿಕೊಂಡು ಹೋಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಹಳೆಯ ಕೋಟೆಯ ಗೋಡೆಗಳೂ ಒಂದು ಶಿವಾಲಯವೂ ಉಳಿದಿವೆ. ಕೆಳಗೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮೀಟರ್‌ಗೇಜ್ ದಾರಿಯಾಗಿ ಹುಟ್ಟಿದ ಹಳಿಯು ೧೯೮೦ರ ದಶಕದಲ್ಲಿ ಬ್ರಾಡ್‌ಗೇಜಾಗಿ ಮಾರ್ಪಟ್ಟು, ೨೦೧೦ರ ದಶಕದಲ್ಲಿ ವಿದ್ಯುದೀಕರಣವನ್ನೂ ಕಂಡಿತು. ಒಂದೇ ನೋಟಕ್ಕೆ ಸಿಕ್ಕುವ ಈ ಎರಡು ಕಾಲಗಳ ನಿರ್ಮಾಣಗಳನ್ನು ಚರಿತ್ರಕಾರರು ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಇರಿಸುತ್ತಾರೆ. ಕೋಟೆಯು ರಾಜಕೀಯ ಚರಿತ್ರೆಗೆ ಸೇರುತ್ತದೆ. ರೈಲು ಮತ್ತು ವಿದ್ಯುತ್ತು ಆರ್ಥಿಕ ಚರಿತ್ರೆಗೆ ಸೇರುತ್ತವೆ. ಅವುಗಳನ್ನು ಕಟ್ಟಿದ ಪದಾರ್ಥಗಳ ಚರಿತ್ರೆಯು ಮಾತ್ರ ಯಾವ ಅಧ್ಯಾಯಕ್ಕೂ ಸೇರದೆ ಉಳಿದುಬಿಡುತ್ತದೆ.

ಹಳಿಯ ಮೇಲುಗಡೆ ಹಾದುಹೋಗುವ ತಂತಿಯಲ್ಲಿ ೨೫,೦೦೦ ವೋಲ್ಟುಗಳ ವಿದ್ಯುತ್ತು ಇರುತ್ತದೆ. ಆ ತಂತಿಯನ್ನು ಹೊತ್ತ ಉಕ್ಕಿನ ಕಂಬವಾದರೋ ನೆಲದೊಡನೆ ಸಂಬಂಧ ಪಡೆದಿರುತ್ತದೆ. ಇವೆರಡರ ನಡುವೆ ನಿಂತು ವಿದ್ಯುತ್ತನ್ನು ತಡೆಯುವುದೇ ಇನ್ಸುಲೇಟರ್ ಎಂದು ರೂಢಿಯಲ್ಲಿ ಕರೆಯಲಾಗುವ ಅವಾಹಕ. ಭಾರತೀಯ ರೈಲ್ವೆಯು ಇಂಥ ಮಾರ್ಗಗಳಲ್ಲಿ ಪಿಂಗಾಣಿಯ ಅವಾಹಕಗಳನ್ನೂ ಸಿಲಿಕೋನ್ ರಬ್ಬರಿನ ಹೊದಿಕೆಯುಳ್ಳ ಅವಾಹಕಗಳನ್ನೂ ಬಳಸುತ್ತದೆ. ಸಿಲಿಕೋನ್ ರಬ್ಬರು ಎಂದು ನಾವು ಕರೆಯುವ ವಸ್ತುವು ಶುದ್ಧವಾದ ರಬ್ಬರಲ್ಲ. ತೂಕದಲ್ಲಿ ಅದರ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ, ಬಿಳಿಯ ಖನಿಜ ಪುಡಿಯೇ ಇರುತ್ತದೆ. ಈ ಪುಡಿಯ ಕಣಗಳನ್ನು ಪ್ರಸ್ತುತ ಲೇಖನದಲ್ಲಿ ‘ತುಂಬುಕಣ’ಗಳೆಂದು ಕರೆಯಲಾಗಿದೆ. ರಬ್ಬರಿನ ಅಣುಸರಪಳಿಗಳ ನಡುವೆ ಸಹಜವಾಗಿ ಉಳಿಯುವ ಅತಿಸೂಕ್ಷ್ಮ ತೆರಪುಗಳ ಮೊತ್ತಕ್ಕೆ ಭೌತವಿಜ್ಞಾನಿಗಳು ಮುಕ್ತ ಗಾತ್ರ ಎಂದು ಹೆಸರಿಟ್ಟಿದ್ದಾರೆ.

ತುಂಬುಕಣವನ್ನು ಸೇರಿಸಿದರೆ ಈ ತೆರಪು ಕಡಿಮೆಯಾಗುವುದೋ ಹೆಚ್ಚಾಗುವುದೋ? ತೋರಿಕೆಗೆ ಇದು ಉತ್ತರ ಬೇಡದ ಪ್ರಶ್ನೆ. ಬಳ್ಳದಲ್ಲಿ ಹುರುಳಿಯನ್ನು ತುಂಬಿ, ಮೇಲೆ ರಾಗಿಯನ್ನು ಸುರಿದು ಅಲುಗಿಸಿದರೆ ರಾಗಿಯು ಸಂದುಗಳೊಳಗೆ ಇಳಿಯುತ್ತದೆ, ಸಂದು ಕಡಿಮೆಯಾಗುತ್ತದೆ. ಆದರೆ ಪದಾರ್ಥಗಳ ಚರಿತ್ರೆಯು ಈ ಸುಲಭವಾದ ಉತ್ತರವನ್ನು ಒಪ್ಪುವುದಿಲ್ಲ. ತುಂಬಲೆಂದು ಹಾಕಿದ ಕಣವು ಒಂದೆಡೆ ತೆರಪನ್ನು ಮುಚ್ಚಿ, ಇನ್ನೊಂದೆಡೆ ತೆರಪನ್ನು ಹುಟ್ಟಿಸಿದ ಉದಾಹರಣೆಗಳು ನಮ್ಮ ನಾಡಿನ ನಿರ್ಮಾಣ ಮತ್ತು ಕೈಗಾರಿಕೆಯ ಚರಿತ್ರೆಯಲ್ಲಿಯೇ ದೊರೆಯುತ್ತವೆ. ಗಾರೆ, ಪಿಂಗಾಣಿ, ಸಿಲಿಕೋನ್ ರಬ್ಬರು ಎಂಬ ಮೂರು ಪದಾರ್ಥಗಳನ್ನು ಅನುಕ್ರಮವಾಗಿ ಪರಿಶೀಲಿಸಿ, ಈ ಪ್ರಶ್ನೆಯು ಹೇಗೆ ಬೆಳೆದು ಬಂದಿತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಸುಣ್ಣದ ಗಾರೆಯಿಂದ ಆರಂಭಿಸುವುದು ಉಚಿತ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಬರಿದೇ ಬಳಿದರೆ ಅದು ಒಣಗುತ್ತ ಕುಗ್ಗಿ ಬಿರಿಯುತ್ತದೆ. ಮರಳನ್ನು ಬೆರೆಸಿದರೆ ಮರಳಿನ ಕಾಳುಗಳು ಒಂದಕ್ಕೊಂದು ಆನಿಸಿ ನಿಂತು ಕುಗ್ಗುವಿಕೆಯನ್ನು ತಡೆಯುತ್ತವೆ. ಇಲ್ಲಿ ಮರಳು ನಿಜಾರ್ಥದಲ್ಲಿ ತುಂಬುಕಣ. ಸುರ್ಕಿಯ ಸಂಗತಿ ಬೇರೆ. ಇಟ್ಟಿಗೆಯನ್ನು ಕುಟ್ಟಿ ಮಾಡಿದ ಈ ಪುಡಿಯು ಸುಣ್ಣದೊಡನೆ ಸುಮ್ಮನೆ ಕೂಡಿಕೊಂಡಿರುವುದಿಲ್ಲ. ಸುಟ್ಟ ಜೇಡಿಯಲ್ಲಿರುವ ಸಿಲಿಕ ಮತ್ತು ಅಲ್ಯುಮಿನಗಳು ಸುಣ್ಣದೊಡನೆ ರಾಸಾಯನಿಕವಾಗಿ ಸಂಯೋಗ ಹೊಂದಿ, ನೀರಿನಲ್ಲಿಯೂ ಗಟ್ಟಿಯಾಗುವ ಹೊಸ ಬಂಧಕವನ್ನು ಉಂಟುಮಾಡುತ್ತವೆ. ಆದುದರಿಂದ ಸುರ್ಕಿಯ ಕಣದ ಮೇಲ್ಮೈಯೇ ಗಾರೆಯ ಬಲದ ನೆಲೆ.

೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಮುಖ್ಯವಾಗಿ ಸುರ್ಕಿ ಗಾರೆಯಿಂದಲೇ ಎದ್ದು ನಿಂತಿತೆಂಬುದು ಸರ್ವವಿದಿತ. ಕಟ್ಟೆಯ ಗುಣವು ನೀರನ್ನು ಹೊರುವುದು ಮಾತ್ರವಲ್ಲ, ನೀರು ಒಳಗೆ ಹರಿಯದಂತೆ ತಡೆಯುವುದೂ ಹೌದು. ಅಲ್ಲಿ ಪ್ರಶ್ನೆಯು ನೇರವಾಗಿ ತೆರಪಿಗೆ ಸಂಬಂಧಿಸಿದ್ದು. ಗಾರೆ ಅರೆಯುವ ಕೆಲಸಕ್ಕೆ ನಮ್ಮ ಹಿರಿಯರು ಕೊಟ್ಟ ಮಹತ್ತ್ವವನ್ನು ಈ ದೃಷ್ಟಿಯಿಂದ ನೋಡಬೇಕು. ವೃತ್ತಾಕಾರದ ಕಾಲುವೆಯಲ್ಲಿ ಗಾರೆಯನ್ನು ಹಾಕಿ, ಎತ್ತುಗಳನ್ನು ಕಟ್ಟಿದ ಕಲ್ಲಿನ ಚಕ್ರವನ್ನು ಅದರ ಮೇಲೆ ಗಂಟೆಗಟ್ಟಲೆ ತಿರುಗಿಸುತ್ತಿದ್ದುದು ಕೇವಲ ಪುಡಿಮಾಡುವುದಕ್ಕಲ್ಲ. ಪ್ರತಿಯೊಂದು ಕಣದ ಮೈಗೂ ಸುಣ್ಣವು ಹತ್ತಬೇಕು, ಪುಡಿಯು ಗಂಟುಗಂಟಾಗಿ ಉಳಿಯಬಾರದು ಎಂಬುದೇ ಅದರ ತಾತ್ಪರ್ಯ. ಅರೆಯದೆ ಉಳಿದ ಗಂಟಿನ ಒಡಲಲ್ಲಿ ಗಾಳಿಯೂ, ಅನಂತರ ನೀರೂ ಸೇರುತ್ತವೆ. ಹೀಗೆ ಒಂದೇ ಸುರ್ಕಿಯು ಚೆನ್ನಾಗಿ ಅರೆದರೆ ತೆರಪನ್ನು ಮುಚ್ಚುವುದು, ಅರೆಯದಿದ್ದರೆ ತೆರಪನ್ನು ಹೊತ್ತು ತರುವುದು. ಈ ಅನುಭವವು ಗ್ರಂಥಸ್ಥವಾಗುವುದಕ್ಕಿಂತ ಬಹು ಮುಂಚೆಯೇ ಗಾರೆ ಕೆಲಸದವರ ಕೈಯಲ್ಲಿ ಇತ್ತು.

೩

ಎರಡನೆಯ ಉದಾಹರಣೆ ಪಿಂಗಾಣಿಯದು. ೧೯೦೨ನೆಯ ಇಸವಿ ಜೂನ್ ತಿಂಗಳಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಲಾರಂಭಿಸಿತು. ಸುಮಾರು ೯೨ ಮೈಲಿಗಳ, ಎಂದರೆ ಹತ್ತಿರ ಹತ್ತಿರ ೧೪೮ ಕಿಲೋಮೀಟರುಗಳ ಆ ಮಾರ್ಗವು ಆ ಕಾಲದ ಜಗತ್ತಿನ ಅತಿ ಉದ್ದವಾದ ವಿದ್ಯುನ್ಮಾರ್ಗಗಳಲ್ಲಿ ಒಂದಾಗಿತ್ತು. ಈ ಸಾಧನೆಯನ್ನು ಕುರಿತು ಬರೆಯುವಾಗ ದಿವಾನರ ಹೆಸರುಗಳನ್ನೂ ಇಂಜಿನಿಯರರ ಹೆಸರುಗಳನ್ನೂ ನಾವು ಸ್ಮರಿಸುತ್ತೇವೆ, ಅದು ಯೋಗ್ಯವೇ. ಆದರೆ ಮೂವತ್ತು ಸಾವಿರ ವೋಲ್ಟುಗಳಿಗೂ ಮೀರಿದ ಆ ವಿದ್ಯುತ್ತನ್ನು ಮಳೆಯಲ್ಲಿಯೂ ಧೂಳಿನಲ್ಲಿಯೂ ಕಂಬಕ್ಕೆ ಇಳಿಯದಂತೆ ತಡೆದು ನಿಲ್ಲಿಸಿದ ಅವಾಹಕಗಳ ವಿಚಾರವು ಪಠ್ಯಪುಸ್ತಕಗಳಲ್ಲಿ ಬರುವುದೇ ಇಲ್ಲ. ೧೯೩೦ರ ದಶಕದಲ್ಲಿ ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನು ಸ್ಥಾಪಿಸಿದುದಕ್ಕೆ ವಿದ್ಯುತ್ತಿನ ಈ ವಿಸ್ತಾರವೇ ಹಿನ್ನೆಲೆ. ೧೯೭೬ರಲ್ಲಿ ಆ ಕಾರ್ಖಾನೆಯು ಕೇಂದ್ರ ಸರ್ಕಾರದ ಉದ್ಯಮವಾದ ಬಿ.ಎಚ್.ಇ.ಎಲ್. ಸಂಸ್ಥೆಯ ಆಡಳಿತಕ್ಕೆ ಬಂದಿತು.

ಪಿಂಗಾಣಿಯನ್ನು ನಾವು ಏಕರೂಪದ ವಸ್ತುವೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅದೂ ಒಂದು ಮಿಶ್ರವಸ್ತುವೇ. ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಎಂಬ ಮೂರನ್ನು ಕಲಸಿ ಸುಟ್ಟಾಗ, ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ಉಳಿದುದನ್ನು ಬಂಧಿಸುತ್ತದೆ. ಬೆಣಚಿನ ಕಣವು ಇಲ್ಲಿ ತುಂಬುಕಣ. ಒಲೆಯಲ್ಲಿ ಅವಾಹಕವು ಮೆತ್ತಗಾಗಿ ಕುಸಿಯದಂತೆ ಅದು ಎಲುಬಿನ ಗೂಡಿನ ಹಾಗೆ ಕಾಪಾಡುತ್ತದೆ. ಆದರೆ ಸುಟ್ಟ ಮಾಲು ತಣಿಯುವಾಗ, ೫೭೩ ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಬೆಣಚಿನ ಸ್ಫಟಿಕ ರಚನೆಯು ಥಟ್ಟನೆ ಬದಲಾಗಿ ಕಣವು ಕುಗ್ಗುತ್ತದೆ. ಸುತ್ತಲಿನ ಗಾಜು ಅಷ್ಟು ಕುಗ್ಗುವುದಿಲ್ಲ. ಪರಿಣಾಮವಾಗಿ ಕಣದ ಅಂಚಿನಲ್ಲಿ ಸೂಕ್ಷ್ಮವಾದ ಬಿರುಕುಗಳು ಏಳುತ್ತವೆ. ಬೆಣಚಿನ ಬದಲು ಅಲ್ಯುಮಿನವನ್ನು ಬಳಸಿ ಹೆಚ್ಚು ಬಲವುಳ್ಳ ಅವಾಹಕಗಳನ್ನು ತಯಾರಿಸುವ ಕ್ರಮವು ರೂಢಿಗೆ ಬರಲು ಇದೂ ಒಂದು ಕಾರಣ. ರೂಪವನ್ನು ಕಾಪಾಡಿದ ತುಂಬುಕಣವೇ ತನ್ನ ಅಂಚಿನಲ್ಲಿ ತೆರಪನ್ನು ಹುಟ್ಟಿಸಿತು. ಗಾರೆಯಲ್ಲಿ ದೋಷವು ಅರೆಯುವಿಕೆಯ ಕೊರತೆಯಿಂದ ಬಂದರೆ, ಇಲ್ಲಿ ಅದು ಕಣಕ್ಕೂ ಆವರಣಕ್ಕೂ ಇರುವ ಸ್ವಭಾವಭೇದದಿಂದ ಬಂದಿತು.

೪

ಸಿಲಿಕೋನಿನ ಚರಿತ್ರೆಯು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಡೆಸಿದ ಸಂಶೋಧನೆಗಳಿಂದ ಮೊದಲಾಗುತ್ತದೆ. ‘ಸಿಲಿಕೋನ್’ ಎಂಬ ಹೆಸರನ್ನು ಬಳಕೆಗೆ ತಂದವರು ಅವರೇ. ಆದರೂ ತಮ್ಮ ಕೆಲಸದಿಂದ ಬೇಗನೆ ದೊಡ್ಡ ಪ್ರಯೋಜನ ಒದಗೀತೆಂಬ ನಂಬಿಕೆ ಅವರಿಗಿರಲಿಲ್ಲ. ೧೯೪೦ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯೂಜೀನ್ ರೋಚೋ ಅವರು ಸಿಲಿಕಾನಿನಿಂದ ನೇರವಾಗಿ ಅಗತ್ಯದ ಕಚ್ಚಾವಸ್ತುವನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಈ ವಸ್ತುವು ಕಾರ್ಖಾನೆಗಳನ್ನು ಪ್ರವೇಶಿಸಿತು. ಸುಮಾರು ಅದೇ ಕಾಲದಲ್ಲಿ, ೧೯೪೨ರಲ್ಲಿ, ಜರ್ಮನಿಯ ಡೆಗುಸ್ಸ ಸಂಸ್ಥೆಯ ಹ್ಯಾರಿ ಕ್ಲೋಪ್ಫರ್ ಅವರು ಜ್ವಾಲೆಯಲ್ಲಿ ಅತಿ ಸೂಕ್ಷ್ಮವಾದ ಸಿಲಿಕ ಪುಡಿಯನ್ನು ಪಡೆಯುವ ವಿಧಾನವನ್ನು ರೂಪಿಸಿದರು. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಉದ್ದೇಶಗಳಿಗಾಗಿ ಹುಟ್ಟಿದ ಈ ಎರಡು ವಸ್ತುಗಳು ಮುಂದೆ ಒಂದಕ್ಕೊಂದು ಅನಿವಾರ್ಯವಾದವು.

ಸಿಲಿಕೋನ್ ರಬ್ಬರಿನ ಅಣುವು ಸಿಲಿಕಾನ್ ಮತ್ತು ಆಮ್ಲಜನಕ ಪರಮಾಣುಗಳು ಒಂದಾದ ಮೇಲೊಂದು ಕೂಡಿದ ಉದ್ದನೆಯ ಸರಪಳಿ. ಈ ಸರಪಳಿಯು ಬಹು ಸುಲಭವಾಗಿ ಬಾಗುತ್ತದೆ, ತಿರುಗುತ್ತದೆ. ಶೂನ್ಯಕ್ಕಿಂತ ಸುಮಾರು ೧೨೫ ಡಿಗ್ರಿ ಸೆಲ್ಷಿಯಸ್ ಕೆಳಗೆ ತಣಿಸಿದಾಗ ಮಾತ್ರ ಅದು ಗಾಜಿನಂತೆ ಸ್ತಬ್ಧವಾಗುತ್ತದೆ. ನಮ್ಮ ಹವೆಯ ಉಷ್ಣತೆಯಲ್ಲಿ ಸರಪಳಿಗಳು ಎಡೆಬಿಡದೆ ಮಿಸುಕುತ್ತಿರುವುದರಿಂದ ಅವುಗಳ ನಡುವೆ ತೆರಪು ಧಾರಾಳವಾಗಿರುತ್ತದೆ. ಆದರೆ ಶಕ್ತಿ ಮಾತ್ರ ಅತ್ಯಲ್ಪ. ತುಂಬುಕಣವಿಲ್ಲದ ಸಿಲಿಕೋನ್ ರಬ್ಬರು ಕೈಯಲ್ಲಿ ಹಿಡಿದೆಳೆದರೆ ಹರಿದುಹೋಗುವಷ್ಟು ದುರ್ಬಲ. ಸೂಕ್ಷ್ಮ ಸಿಲಿಕವನ್ನು ಸೇರಿಸಿದಾಗ ಅದರ ಬಲವು ಹತ್ತುಪಟ್ಟಿಗೂ ಹೆಚ್ಚುತ್ತದೆ.

ಮುಕ್ತ ಗಾತ್ರದ ಕಲ್ಪನೆಯು ಇದಕ್ಕಿಂತ ಹಳೆಯದು. ಅನಿಲದ ಅಣುಗಳು ತಾವೇ ಸ್ವಲ್ಪ ಜಾಗವನ್ನು ಆಕ್ರಮಿಸುತ್ತವೆಂಬುದನ್ನು ೧೮೭೩ರಲ್ಲಿ ವಾನ್ ಡರ್ ವಾಲ್ಸ್ ಅವರು ಲೆಕ್ಕಕ್ಕೆ ತಂದಾಗಲೇ, ಅಣುಗಳು ಆಕ್ರಮಿಸದೆ ಬಿಟ್ಟ ಜಾಗದ ವಿಚಾರವೂ ಹುಟ್ಟಿತೆನ್ನಬಹುದು. ದ್ರವಗಳ ಹರಿವು ಈ ಬಿಟ್ಟ ಜಾಗವನ್ನು ಅವಲಂಬಿಸಿದೆಯೆಂದು ೧೯೫೧ರಲ್ಲಿ ಡೂಲಿಟಲ್ ಅವರು ತೋರಿಸಿದರು. ೧೯೫೫ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್ ಮತ್ತು ಫೆರಿ ಅವರು ಅದೇ ವಿಚಾರವನ್ನು ಪಾಲಿಮರುಗಳಿಗೆ ಅನ್ವಯಿಸಿ, ಗಾಜಿನ ಸ್ಥಿತಿಗೆ ಇಳಿಯುವ ಹಂತದಲ್ಲಿ ಒಟ್ಟು ಗಾತ್ರದ ನೂರಕ್ಕೆ ಸುಮಾರು ೨.೫ರಷ್ಟು ಭಾಗವು ಮುಕ್ತವಾಗಿರುತ್ತದೆಂದು ಅಂದಾಜು ಮಾಡಿದರು. ೧೯೫೯ರಲ್ಲಿ ಕೋಹೆನ್ ಮತ್ತು ಟರ್ನ್‌ಬುಲ್ ಅವರು ಅಣುವೊಂದು ಚಲಿಸಬೇಕಾದರೆ ಅದರ ಪಕ್ಕದಲ್ಲಿ ಸಾಕಷ್ಟು ದೊಡ್ಡ ತೆರಪು ಒದಗಬೇಕೆಂಬ ವಾದಕ್ಕೆ ಗಣಿತದ ರೂಪವನ್ನು ಕೊಟ್ಟರು. ಇಷ್ಟಾದರೂ ಈ ತೆರಪನ್ನು ಯಾರೂ ನೇರವಾಗಿ ಅಳೆದಿರಲಿಲ್ಲ. ಅದು ಪರೋಕ್ಷವಾಗಿ ಊಹಿಸಲ್ಪಟ್ಟ ವಸ್ತುವಾಗಿಯೇ ಇತ್ತು.

೫

ಅಳೆಯುವ ಸಾಧನವು ಪಾಲಿಮರಿಗೆ ಸಂಬಂಧವೇ ಇಲ್ಲದ ಶಾಖೆಯಿಂದ ಬಂದಿತು. ೧೯೩೧ರಲ್ಲಿ ಡಿರಾಕ್ ಅವರು ಸೈದ್ಧಾಂತಿಕವಾಗಿ ಸೂಚಿಸಿ, ೧೯೩೨ರಲ್ಲಿ ಆಂಡರ್ಸನ್ ಅವರು ಪ್ರಯೋಗದಲ್ಲಿ ಕಂಡ ಪಾಸಿಟ್ರಾನ್ ಎಂಬುದು ಧನ ವಿದ್ಯುದಂಶವುಳ್ಳ ಎಲೆಕ್ಟ್ರಾನು. ಅದು ಸಾಮಾನ್ಯ ಎಲೆಕ್ಟ್ರಾನನ್ನು ಸಂಧಿಸಿದರೆ ಎರಡೂ ನಾಶವಾಗಿ ಗ್ಯಾಮ ಕಿರಣಗಳು ಹೊರಡುತ್ತವೆ. ನಾಶಕ್ಕೆ ಮುನ್ನ ಎರಡೂ ಸ್ವಲ್ಪ ಕಾಲ ಜೋಡಿಯಾಗಿ ಬಾಳುವುದೂ ಉಂಟು. ಪಾಸಿಟ್ರೋನಿಯಂ ಎಂಬ ಈ ಜೋಡಿಯನ್ನು ೧೯೫೧ರಲ್ಲಿ ಮಾರ್ಟಿನ್ ಡಾಯ್ಚ್ ಅವರು ಪತ್ತೆಹಚ್ಚಿದರು. ಅದರ ಒಂದು ಬಗೆಯು ಶೂನ್ಯದಲ್ಲಿ ಸರಾಸರಿ ೧೪೨ ನ್ಯಾನೊಸೆಕೆಂಡುಗಳ ಕಾಲ ಬದುಕುತ್ತದೆ. ಪಾಲಿಮರಿನೊಳಗೆ ಅದು ತೆರಪೊಂದರಲ್ಲಿ ಸೇರಿಕೊಳ್ಳುತ್ತದೆ. ತೆರಪಿನ ಗೋಡೆಯಲ್ಲಿರುವ ಎಲೆಕ್ಟ್ರಾನುಗಳಿಗೆ ಸಿಕ್ಕಿ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ನಾಶವಾಗುತ್ತದೆ. ತೆರಪು ದೊಡ್ಡದಾದಷ್ಟೂ ಗೋಡೆ ದೂರ, ಆಯುಷ್ಯ ದೀರ್ಘ. ಆಯುಷ್ಯದಿಂದ ತೆರಪಿನ ತ್ರಿಜ್ಯವನ್ನು ಲೆಕ್ಕಹಾಕುವ ಸೂತ್ರವು ೧೯೭೨ರಲ್ಲಿ ಟಾವೋ ಅವರಿಂದಲೂ ೧೯೮೧ರಲ್ಲಿ ಎಲ್ಡ್ರುಪ್ ಮತ್ತು ಸಂಗಡಿಗರಿಂದಲೂ ಸಿದ್ಧವಾಯಿತು.

ಈ ಸೂತ್ರದಂತೆ, ಸುಮಾರು ೨.೦೫ ನ್ಯಾನೊಸೆಕೆಂಡಿನ ಆಯುಷ್ಯ ಕಂಡುಬರುವ ಪಾಲಿಸ್ಟೈರೀನಿನಲ್ಲಿ ತೆರಪಿನ ತ್ರಿಜ್ಯವು ಸುಮಾರು ೦.೨೯ ನ್ಯಾನೊಮೀಟರ್. ೩.೨ ನ್ಯಾನೊಸೆಕೆಂಡಿಗೂ ತುಸು ಹೆಚ್ಚಿನ ಆಯುಷ್ಯವನ್ನು ತೋರುವ ಸಿಲಿಕೋನ್ ರಬ್ಬರಿನಲ್ಲಿ ಅದು ಸುಮಾರು ೦.೩೮ ನ್ಯಾನೊಮೀಟರ್. ತ್ರಿಜ್ಯದ ಭೇದ ಅಲ್ಪವೆಂದು ತೋರಿದರೂ ಗಾತ್ರದಲ್ಲಿ ಒಂದು ಇನ್ನೊಂದರ ಎರಡರಷ್ಟಕ್ಕಿಂತ ಹೆಚ್ಚು. ಪಾಲಿಮರುಗಳ ಮುಕ್ತ ಗಾತ್ರವನ್ನು ಪಾಸಿಟ್ರಾನಿನ ಆಯುಷ್ಯದಿಂದ ಅಳೆಯುವ ಈ ಬಗೆಯ ಸಂಶೋಧನೆಯು ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದಲ್ಲಿ ಪ್ರೊ. ಸಿ. ರಂಗನಾಥಯ್ಯ ಅವರ ಬಳಗದಿಂದ ದೀರ್ಘಕಾಲ ನಡೆದು ಬಂದಿತೆಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಪರಿಚಿತವಾದ ಒಂದು ತೊಡಕು ಎದುರಾಗುತ್ತದೆ. ಆಯುಷ್ಯವು ತೆರಪಿನ ಗಾತ್ರವನ್ನು ಹೇಳಿದರೆ, ಎಷ್ಟು ಪಾಸಿಟ್ರಾನುಗಳು ಹೀಗೆ ತೆರಪಿನಲ್ಲಿ ಬಾಳಿ ಸತ್ತವೆಂಬ ಪ್ರಮಾಣವು ತೆರಪುಗಳ ಸಂಖ್ಯೆಯನ್ನು ಹೇಳುತ್ತದೆಂದು ಮೊದಲಿಗೆ ಭಾವಿಸಲಾಗುತ್ತಿತ್ತು. ತುಂಬುಕಣಗಳಿರುವ ರಬ್ಬರಿನಲ್ಲಿ ಈ ಪ್ರಮಾಣವು ಇಳಿಯುತ್ತದೆ. ಇದರಿಂದ ತೆರಪು ಕಡಿಮೆಯಾಯಿತೆಂದು ನಿರ್ಣಯಿಸಬಹುದೆ? ಹಾಗೆ ಮಾಡುವಂತಿಲ್ಲ. ಕೆಲವು ಪಾಸಿಟ್ರಾನುಗಳು ಖನಿಜದ ಕಣದೊಳಗೇ ನಾಶವಾಗುತ್ತವೆ. ಕಣದ ಮೇಲ್ಮೈಯ ರಾಸಾಯನಿಕ ಸ್ವಭಾವವು ಜೋಡಿ ಕೂಡುವುದನ್ನೇ ತಡೆಯುವುದೂ ಸಾಧ್ಯ. ಒಂದು ಸೀಮೆಯಲ್ಲಿ ಶಾಸನಗಳು ದೊರೆಯಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಜನವಸತಿ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಸಾಕ್ಷಿಯ ಅಭಾವವನ್ನು ವಸ್ತುವಿನ ಅಭಾವವೆಂದು ಎಣಿಸಬಾರದೆಂಬ ನಮ್ಮ ಶಾಸ್ತ್ರದ ನಿಯಮವು ಇಲ್ಲಿಯೂ ಅನ್ವಯಿಸುತ್ತದೆ.

೬

ಈಗ ಮೂಲ ಪ್ರಶ್ನೆಗೆ ಬರಬಹುದು. ಸಿಲಿಕೋನ್ ರಬ್ಬರಿನಲ್ಲಿ ತುಂಬುಕಣವು ತೆರಪಿನ ಮೇಲೆ ಮಾಡುವ ಪರಿಣಾಮಗಳು ಮೂರು ಬಗೆಯವು.

ಮೊದಲನೆಯದು ಕೇವಲ ಪಾಲು ಹಂಚಿಕೆ. ಅವಾಹಕಗಳಲ್ಲಿ ಹೆಚ್ಚಾಗಿ ಬಳಸುವ ತುಂಬುಕಣವು ಅಲ್ಯುಮಿನ ಟ್ರೈಹೈಡ್ರೇಟ್. ಅದರ ಸಾಂದ್ರತೆ ೨.೪೨, ರಬ್ಬರಿನ ಸಾಂದ್ರತೆ ೦.೯೭ ಎಂದಿಟ್ಟುಕೊಂಡು, ಎರಡನ್ನೂ ಸಮತೂಕದಲ್ಲಿ ಬೆರೆಸಿದರೆ ಗಾತ್ರದಲ್ಲಿ ಖನಿಜದ ಪಾಲು ನೂರಕ್ಕೆ ಸುಮಾರು ೨೯ ಆಗುತ್ತದೆ. ಖನಿಜದೊಳಗೆ ರಬ್ಬರಿನಂಥ ತೆರಪಿಲ್ಲ. ಆದುದರಿಂದ ಇಡೀ ವಸ್ತುವಿನ ಮುಕ್ತ ಗಾತ್ರವು ಶುದ್ಧ ರಬ್ಬರಿನದರ ನೂರಕ್ಕೆ ೭೧ರಷ್ಟಕ್ಕೆ ಇಳಿಯಬೇಕು. ಇದರೊಡನೆ, ತೆರಪಿನಿಂದ ತೆರಪಿಗೆ ಸಾಗುವ ಅಣುವು ಕಣಗಳನ್ನು ಬಳಸಿಕೊಂಡು ಹೋಗಬೇಕಾಗುವುದರಿಂದ ಅದರ ದಾರಿಯೂ ಉದ್ದವಾಗುತ್ತದೆ. ೧೮೭೩ರಲ್ಲಿ ಮ್ಯಾಕ್ಸ್‌ವೆಲ್ ಅವರು ವಿದ್ಯುದ್ವಹನಕ್ಕಾಗಿ ಕೊಟ್ಟ ಸೂತ್ರವನ್ನು ಇಲ್ಲಿ ಬಳಸಿದರೆ, ವಸ್ತುವಿನ ಮೂಲಕ ಅನಿಲ ಅಥವಾ ಆವಿಯು ಹಾಯುವ ವೇಗವು ನೂರಕ್ಕೆ ಸುಮಾರು ೬೨ಕ್ಕೆ ಇಳಿಯುತ್ತದೆಂಬ ಅಂದಾಜು ದೊರೆಯುತ್ತದೆ. ಪ್ರಯೋಗದ ಫಲವು ಈ ಅಂಕಿಗಳಿಂದ ಬೇರೆಯಾದಾಗಲೇ ಕಣವು ತುಂಬುವುದಕ್ಕಿಂತ ಬೇರೇನನ್ನೋ ಮಾಡಿದೆಯೆಂದು ತಿಳಿಯಬೇಕು.

ಎರಡನೆಯದು ಮೇಲ್ಮೈಯ ಹಿಡಿತ. ಸೂಕ್ಷ್ಮ ಸಿಲಿಕದ ಮೈಮೇಲಿರುವ ಹೈಡ್ರಾಕ್ಸಿಲ್ ಗುಂಪುಗಳು ರಬ್ಬರಿನ ಸರಪಳಿಯಲ್ಲಿರುವ ಆಮ್ಲಜನಕವನ್ನು ಹಿಡಿದುಕೊಳ್ಳುತ್ತವೆ. ಹಿಡಿತಕ್ಕೆ ಸಿಕ್ಕಿದ ಸರಪಳಿಯ ಮಿಸುಕಾಟವು ಕುಂದುತ್ತದೆ. ಅದರೊಡನೆ ಅಲ್ಲಿನ ತೆರಪುಗಳೂ ಕುಗ್ಗುತ್ತವೆ. ಇದರ ವ್ಯಾಪ್ತಿಯನ್ನು ಕಣದ ಅಳತೆಯು ನಿರ್ಧರಿಸುತ್ತದೆ. ಹತ್ತು ನ್ಯಾನೊಮೀಟರ್ ವ್ಯಾಸದ ಸಿಲಿಕ ಕಣಗಳ ಒಂದು ಗ್ರಾಮ್ ಪುಡಿಯಲ್ಲಿ ಸುಮಾರು ೨೭೦ ಚದರ ಮೀಟರುಗಳ ಮೇಲ್ಮೈ ಇರುತ್ತದೆ. ಪ್ರತಿ ಕಣದ ಸುತ್ತ ಎರಡು ನ್ಯಾನೊಮೀಟರ್ ದಪ್ಪದ ರಬ್ಬರಿನ ಪದರವು ಬಂಧಿತವಾಯಿತೆಂದು ಭಾವಿಸಿದರೆ, ಬಂಧಿತ ರಬ್ಬರಿನ ಗಾತ್ರವು ಕಣದ ಸ್ವಂತ ಗಾತ್ರವನ್ನೇ ಮೀರುತ್ತದೆ. ಎರಡು ಮೈಕ್ರೊಮೀಟರ್ ವ್ಯಾಸದ ಟ್ರೈಹೈಡ್ರೇಟ್ ಕಣಗಳಲ್ಲಾದರೋ ಒಂದು ಗ್ರಾಮಿಗೆ ಮೇಲ್ಮೈ ಸುಮಾರು ೧.೨ ಚದರ ಮೀಟರ್ ಮಾತ್ರ. ಅದೇ ದಪ್ಪದ ಪದರವು ಅಲ್ಲಿ ಗಣನೆಗೇ ಬಾರದು. ತುಂಬುಕಣದ ತೂಕವೊಂದನ್ನೇ ಹೇಳಿ ಪರಿಣಾಮವನ್ನು ಹೇಳಹೊರಡುವುದು ಹೀಗೆ ನಿರರ್ಥಕವಾಗುತ್ತದೆ.

ಮೂರನೆಯದು ಹೊಸ ತೆರಪಿನ ಸೃಷ್ಟಿ. ಕಣದ ಮೈಗೆ ರಬ್ಬರು ಹತ್ತದಿದ್ದರೆ, ಅಥವಾ ಕಣಗಳು ಗಂಟುಕಟ್ಟಿ ಗಂಟಿನೊಳಕ್ಕೆ ಸರಪಳಿಗಳು ಹೊಗಲಾರದೆ ಹೋದರೆ, ಸಹಜ ತೆರಪಿಗಿಂತ ಬಹು ದೊಡ್ಡದಾದ ಪೊಳ್ಳು ಉಳಿಯುತ್ತದೆ. ಗಾರೆಯ ಗಂಟೂ ಪಿಂಗಾಣಿಯ ಬಿರುಕೂ ಇಲ್ಲಿ ಬೇರೊಂದು ಅಳತೆಯಲ್ಲಿ ಮರುಕಳಿಸುತ್ತವೆ. ೨೦೦೨ರಲ್ಲಿ ಮರ್ಕೆಲ್ ಮತ್ತು ಸಂಗಡಿಗರು ಪಾಲಿಮೀಥೈಲ್‌ಪೆಂಟೈನ್ ಎಂಬ ಬಿರುಸಾದ ಪಾಲಿಮರಿಗೆ ಸೂಕ್ಷ್ಮ ಸಿಲಿಕವನ್ನು ಬೆರೆಸಿದಾಗ, ಮ್ಯಾಕ್ಸ್‌ವೆಲ್ ಸೂತ್ರಕ್ಕೆ ತೀರ ವಿರುದ್ಧವಾಗಿ, ಆವಿಯು ಹಾಯುವ ವೇಗವು ಹೆಚ್ಚಿತು. ಪಾಸಿಟ್ರಾನಿನ ಅಳತೆಯೂ ತೆರಪು ದೊಡ್ಡದಾದುದನ್ನು ತೋರಿಸಿತು. ಬಿರುಸಾದ ಸರಪಳಿಗಳು ಕಣದ ಸುತ್ತ ಒತ್ತಾಗಿ ಕೂಡಲಾರದೆ ಹೋದುದೇ ಇದರ ಕಾರಣ. ಮೃದುವಾದ ಸಿಲಿಕೋನ್ ಸರಪಳಿಯಾದರೋ ಕಣದ ಮೈಗೆ ಹೊಂದಿಕೊಂಡು ಹರಡಬಲ್ಲದು. ಆದುದರಿಂದ ಅದರಲ್ಲಿ ಸಾಮಾನ್ಯವಾಗಿ ಮೊದಲಿನ ಎರಡು ಪರಿಣಾಮಗಳೇ ಮೇಲುಗೈ ಪಡೆಯುತ್ತವೆ. ಆದರೆ ಕಲಸುವಿಕೆಯು ಕೆಟ್ಟರೆ ಸಿಲಿಕೋನಿಗೂ ಮೂರನೆಯದರಿಂದ ವಿನಾಯಿತಿಯಿಲ್ಲ. ಕಣಗಳ ಮೇಲ್ಮೈಯನ್ನು ಮುಂಚಿತವಾಗಿಯೇ ರಾಸಾಯನಿಕವಾಗಿ ಸಂಸ್ಕರಿಸಿ, ಉರುಳೆಗಳ ನಡುವೆ ಮತ್ತೆ ಮತ್ತೆ ಅರೆಯುವುದು ಈ ಕಾರಣದಿಂದಲೇ.

೭

ಕೂದಲಿನ ಎಳೆಯ ಲಕ್ಷಾಂಶಕ್ಕೂ ಕಿರಿದಾದ ಈ ತೆರಪುಗಳಿಗೆ ಇಷ್ಟು ಗಮನವೇಕೆ ಎಂದು ಕೇಳಬಹುದು. ಉತ್ತರವು ಅವಾಹಕದ ಬಾಳಿಕೆಯಲ್ಲಿದೆ. ಸಿಲಿಕೋನ್ ಅವಾಹಕಗಳು ೧೯೬೦ರ ದಶಕದ ಉತ್ತರಾರ್ಧದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದುವು. ಅವುಗಳ ಮುಖ್ಯ ಗುಣವೆಂದರೆ ಕೆಸುವಿನ ಎಲೆಯಂತೆ ನೀರನ್ನು ಹನಿಹನಿಯಾಗಿ ಉರುಳಿಸಿಬಿಡುವುದು. ಪಿಂಗಾಣಿಯ ಮೇಲೆ ಮಳೆಯೂ ಮಂಜೂ ಧೂಳಿನೊಡನೆ ಸೇರಿ ಅಖಂಡವಾದ ಪೊರೆಯಾಗಿ, ಅದರ ಮೂಲಕ ವಿದ್ಯುತ್ತು ಸೋರುತ್ತದೆ. ಸಿಲಿಕೋನಿನ ಮೇಲೆ ಅಂಥ ಪೊರೆ ಸುಲಭವಾಗಿ ಕಟ್ಟುವುದಿಲ್ಲ. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಧೂಳು ಮುಚ್ಚಿ ಈ ಗುಣವು ಕುಂದಿದಾಗ, ರಬ್ಬರಿನೊಳಗಿರುವ ಗಿಡ್ಡ ಸರಪಳಿಯ ಸಿಲಿಕೋನ್ ಅಣುಗಳು ನಿಧಾನವಾಗಿ ಹೊರಕ್ಕೆ ಬಂದು ಧೂಳಿನ ಮೇಲೂ ಹರಡಿ, ಕಳೆದುಹೋದ ಗುಣವನ್ನು ಮರಳಿ ತರುತ್ತವೆ. ಆ ಅಣುಗಳು ಹೊರಬರುವ ದಾರಿಯೇ ಮುಕ್ತ ಗಾತ್ರ.

ಇನ್ನೊಂದೆಡೆ, ಹೊರಮೈ ಒದ್ದೆಯಾಗಿ ಅಲ್ಲಲ್ಲಿ ಒಣಗಿದಾಗ ಒಣ ಪಟ್ಟಿಗಳ ಮೇಲೆ ಸಣ್ಣ ಕಿಡಿಗಳು ಹಾರಿ ರಬ್ಬರನ್ನು ಸುಡುತ್ತವೆ. ಟ್ರೈಹೈಡ್ರೇಟ್ ಕಣವು ಕಾಯ್ದಾಗ, ಸುಮಾರು ೨೦೦ ಡಿಗ್ರಿಗಿಂತ ಮೇಲೆ, ತನ್ನ ತೂಕದ ಮೂರನೆಯ ಒಂದು ಪಾಲಿಗೂ ಮಿಗಿಲಾದ ನೀರನ್ನು ಆವಿಯಾಗಿ ಬಿಟ್ಟು ಆ ಸ್ಥಳವನ್ನು ತಣಿಸುತ್ತದೆ. ಹಾಗಾಗಿ ಸುಡುವಿಕೆಯನ್ನು ತಡೆಯಬೇಕಾದರೆ ತುಂಬುಕಣ ಹೆಚ್ಚಾಗಬೇಕು. ತುಂಬುಕಣ ಹೆಚ್ಚಾದರೆ ಗಿಡ್ಡ ಅಣುಗಳ ದಾರಿ ಕಿರಿದಾಗಿ, ನೀರನ್ನು ಉರುಳಿಸುವ ಗುಣವು ಮರಳುವುದು ತಡವಾಗುತ್ತದೆ. ಅಷ್ಟೇ ಅಲ್ಲ, ಕಣದ ಅಂಚಿನಲ್ಲಿ ಪೊಳ್ಳು ಉಳಿದರೆ ಹೊರಗಿನ ನೀರೇ ಒಳಗೆ ಸೇರಿ ವಿದ್ಯುನ್ನಿರೋಧದ ಗುಣವನ್ನು ಕೆಡಿಸುತ್ತದೆ. ಒಂದು ರಕ್ಷಣೆಯನ್ನು ಕೊಂಡರೆ ಇನ್ನೊಂದನ್ನು ಮಾರಬೇಕಾಗುವ ಈ ಇಕ್ಕಟ್ಟನ್ನು ಬಿಡಿಸಿಕೊಳ್ಳಲು ಬಲ್ಲವರು ಹಲವು ದಾರಿಗಳನ್ನು ಹುಡುಕಿದ್ದಾರೆ. ದಪ್ಪ ಕಣಗಳ ಪ್ರಮಾಣವನ್ನು ಇಳಿಸಿ, ಅತಿ ಸೂಕ್ಷ್ಮ ಕಣಗಳನ್ನು ಸ್ವಲ್ಪವೇ ಸೇರಿಸುವುದು ಅವುಗಳಲ್ಲಿ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಾಯ್ ಥಾಮಸ್ ಮತ್ತು ಸಂಗಡಿಗರು ಇಂಥ ಸೂಕ್ಷ್ಮಕಣಯುಕ್ತ ಸಿಲಿಕೋನ್ ರಬ್ಬರಿನ ಸವೆತವನ್ನು ಕುರಿತು ಪ್ರಯೋಗಗಳನ್ನು ನಡೆಸಿದ್ದಾರೆ. ೧೯೬೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನ ಸಂಸ್ಥೆಯು ವಿದ್ಯುತ್ ಸಲಕರಣೆಗಳ ಪರೀಕ್ಷೆಯ ಪ್ರಮುಖ ಕೇಂದ್ರವಾಗಿದೆ. ಹೀಗೆ ತೆರಪಿನ ಅಳತೆ ಮೈಸೂರಿನಲ್ಲಿ, ಅವಾಹಕದ ಪರೀಕ್ಷೆ ಬೆಂಗಳೂರಿನಲ್ಲಿ ಎಂಬಂತೆ ಈ ವಿಷಯದ ಎರಡು ತುದಿಗಳೂ ನಮ್ಮ ನಾಡಿನಲ್ಲಿಯೇ ಇವೆ.

೮

ಈ ವಿವೇಚನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಒಂದನೆಯದಾಗಿ, ತುಂಬುಕಣವನ್ನು ಬೆಲೆ ಇಳಿಸಲು ಬೆರೆಸಿದ ಕಲಬೆರಕೆಯೆಂದು ತಿಳಿಯುವುದು ತಪ್ಪು. ಸುರ್ಕಿ, ಬೆಣಚು, ಸಿಲಿಕ ಇವು ಮೂರ ಕಥೆಯೂ ಒಂದೇ ಸತ್ಯವನ್ನು ಹೇಳುತ್ತದೆ: ಮಿಶ್ರವಸ್ತುವಿನ ಭವಿಷ್ಯವು ಅದರಲ್ಲಿ ಸೇರಿದ ವಸ್ತುಗಳ ಪ್ರಮಾಣದಿಂದ ಮಾತ್ರ ತೀರ್ಮಾನವಾಗದೆ, ಅವು ಸಂಧಿಸುವ ಅಂಚಿನಲ್ಲಿ ತೀರ್ಮಾನವಾಗುತ್ತದೆ. ಅಂಚು ಕೂಡಿದರೆ ತೆರಪು ಕುಗ್ಗುತ್ತದೆ. ಅಂಚು ಬಿಟ್ಟರೆ ತೆರಪು ಬೆಳೆಯುತ್ತದೆ. ಇದರಲ್ಲಿಯೂ ತೆರಪು ಎಲ್ಲೆಡೆ ದೋಷವಲ್ಲ. ಕಟ್ಟೆಯ ಗಾರೆಗೆ ಅದು ಶತ್ರು. ಸಿಲಿಕೋನ್ ಅವಾಹಕಕ್ಕೆ ಅದು ಒಂದು ಮಿತಿಯವರೆಗೆ ಆಪ್ತ.

ಎರಡನೆಯದಾಗಿ, ಪಿಂಗಾಣಿಯು ಹಳೆಯದಾಗಿ ಸಿಲಿಕೋನ್ ಬಂದಿತು, ಆದುದರಿಂದ ಮುನ್ನಡೆಯಾಯಿತು ಎಂಬ ಸರಳರೇಖೆಯ ಚರಿತ್ರೆಯು ಇಲ್ಲಿ ಸಾಲದು. ಪ್ರತಿಯೊಂದು ಪದಾರ್ಥವೂ ಹಳೆಯ ಪ್ರಶ್ನೆಯನ್ನೇ ಹೊಸ ಅಳತೆಯಲ್ಲಿ ಎದುರಿಸಿದೆ. ಮೈಸೂರು ಸಂಸ್ಥಾನದ ಕೈಗಾರಿಕೆಯ ಚರಿತ್ರೆಯನ್ನು ಬರೆಯುವವರು ಆಡಳಿತ ವರದಿಗಳನ್ನು ಓದುವಷ್ಟೇ ಶ್ರದ್ಧೆಯಿಂದ ಕಾರ್ಖಾನೆಯ ಮಿಶ್ರಣದ ಲೆಕ್ಕಗಳನ್ನೂ, ಒಡೆದ ಅವಾಹಕಗಳ ತುಂಡುಗಳನ್ನೂ, ಹಳೆಯ ಕಟ್ಟಡಗಳ ಗಾರೆಯ ಮಾದರಿಗಳನ್ನೂ ಪರೀಕ್ಷಿಸಬೇಕಾಗಿದೆ. ಇವು ದಿನೇ ದಿನೇ ನಾಶವಾಗುತ್ತಿರುವ ಆಕರಗಳು. ಹಳೆಯ ಗೋಡೆಗೆ ಸಿಮೆಂಟು ಮೆತ್ತಿದಾಗ, ಬದಲಿಸಿದ ಅವಾಹಕವನ್ನು ಗುಜರಿಗೆ ಹಾಕಿದಾಗ, ಒಂದೊಂದು ದಾಖಲೆಯೂ ಅಳಿಯುತ್ತದೆ. ಚರಿತ್ರೆ ಮತ್ತು ಭೌತವಿಜ್ಞಾನ ವಿಭಾಗಗಳು ಒಂದೇ ಆವರಣದಲ್ಲಿರುವ ನಮ್ಮ ಕಾಲೇಜುಗಳಲ್ಲಿ ಈ ಕೆಲಸವನ್ನು ಆರಂಭಿಸಲು ಬೇಕಾದುದು ದೊಡ್ಡ ಅನುದಾನವಲ್ಲ. ಊರಿಗೊಂದರಂತೆ ಮಾದರಿಗಳನ್ನು ಸಂಗ್ರಹಿಸಿ, ದೊರೆತ ಸ್ಥಳ ಮತ್ತು ಕಾಲವನ್ನು ಗುರುತುಹಾಕಿ ಇಡುವ ತಾಳ್ಮೆ. ಆ ಸಂಗ್ರಹವು ಸಿದ್ಧವಾದರೆ, ಅಳೆಯುವ ಸಾಧನಗಳು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೇ ದೊರೆಯುತ್ತವೆ.